ಔಷಧಿ ಹೊಡೆಯದ ಒಂದು ಗಿಡ

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮ ಊರು ಯಾವುದೆಂದು ತಿಳಿಯುತ್ತದೆ, ಊರು ತಿಳಿದರೆ ಅವರ ಮನೆಯ ಎದುರು ಗುಡ್ಡದಲ್ಲಿರುವ ಮನೆ ಯಾರದೆಂದು ತಿಳಿಯುತ್ತದೆ, ಆಮೇಲೆ ನನ್ನ ತಮ್ಮನನ್ನು ಗುರುತು ಹಿಡಿಯುವುದು ಯಾರಿಗೂ ಕಷ್ಟವಲ್ಲ. ಹೆತ್ತೂರಿನಿಂದ ಹೊಂಗಡಹಳ್ಳದ ಕಡೆಗೆ ಹೋಗುವ ಬಸ್ಸಿನಲ್ಲಿ ಎಲ್ಲೋ ಒಂದು ಕಡೆ ಇಳಿಯಬೇಕು ಎಂದಷ್ಟೇ ಇಟ್ಟುಕೊಳ್ಳಿ. ಅವರು ತೀರಿಕೊಂಡು ಇನ್ನೂ ತಿಂಗಳು ತುಂಬಿಲ್ಲ. ಬರೆಯಲಾ ಎಂದು ತಮ್ಮನನ್ನು ಕೇಳಿದೆ. "ಬರಿಯಕ್ಕ. ನನ್ ಹೆಸ್ರು ಬ್ಯಾಡ, ಅವರ್ದೂ ಬ್ಯಾಡ. ಆ ಮರದ್ದಂತೂ ಬ್ಯಾಡ್ವೇ ಬ್ಯಾಡ" ಅಂದ. ಮರದ ವಿಷಯ ಆಮೇಲೆ ಬರುತ್ತದೆ.

ನಾನು ಬ್ಲೌಸ್ ಹೊಲಿಯುವವಳು. ಎಸ್ಸೆಸ್ಸೆಲ್ಸಿ ಆದಮೇಲೆ ಮದುವೆಯಾಯಿತು, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಜಗಲಿಯಲ್ಲಿ ಮಿಷನ್ ಇಟ್ಟುಕೊಂಡೆ. ಮನೆಯಲ್ಲಿ ನಾನು, ತಮ್ಮ ಇಬ್ಬರೇ. ತಮ್ಮ ತೋಟಗಳಿಗೆ ಔಷಧಿ ಹೊಡೆಯುವ ಕೆಲಸ ಮಾಡುತ್ತಾನೆ. ಮಳೆಗಾಲಕ್ಕೆ ಮುಂಚೆ ಮೈಲುತುತ್ತ, ಸುಣ್ಣ ಕಲಸಿ ಕಾಫಿ ಗಿಡಕ್ಕೂ ಮೆಣಸಿನ ಬಳ್ಳಿಗೂ ಹೊಡೆದು, ಸಂಜೆ ತಲೆಯಿಂದ ಕಾಲಿನವರೆಗೆ ನೀಲಿಯಾಗಿ ಮನೆಗೆ ಬರುತ್ತಾನೆ.

ಅವರು ಮೊದಲ ಸಲ ನಮ್ಮ ಜಗಲಿಗೆ ಬಂದದ್ದು ಕೆಂಪು ಬಟ್ಟೆ ಕೇಳಿಕೊಂಡು. ಅರವತ್ತರ ಆಸುಪಾಸು, ಸಪೂರ ಮೈ, ಗಂಡಸರ ಹಾಗೆ ಕತ್ತರಿಸಿದ ಬಿಳಿ ಕೂದಲು. ಮಂಡಿಯವರೆಗೆ ಗಂಬೂಟು ಹಾಕಿ ಅದರ ಅಂಚಿಗೆಲ್ಲ ಸೋಪು ಸವರಿಕೊಂಡಿದ್ದರು, ಜಿಗಣೆ ಹತ್ತದಿರಲಿ ಎಂದು. ಎದುರು ಗುಡ್ಡದ ಮೂರೆಕರೆ ತೋಟ ಮತ್ತು ಮನೆ ಅವರ ಸೋದರತ್ತೆಯದು. ಅತ್ತೆ ತೀರಿಕೊಂಡಾಗ ಇವರ ಹೆಸರಿಗೆ ಬಿಟ್ಟಿದ್ದರು. ಹುಟ್ಟಿದ್ದು ಆಲೂರು ಕಡೆ, ಕೆ. ಹೊಸಕೋಟೆಯ ಹತ್ತಿರ. ಓದಿ, ದೂರದ ಊರುಗಳಲ್ಲಿ ಕೆಲಸ ಮಾಡಿ, ಕೆಲಸ ಮುಗಿಸಿ ಇಲ್ಲಿಗೆ ಬಂದಿದ್ದರು. ಮದುವೆಯಾಗಿರಲಿಲ್ಲ. ಔಷಧಿ ಕಂಪನಿಯಲ್ಲಿ ಇದ್ದವರಂತೆ ಎಂದು ಊರಿನವರಿಗೆ ಗೊತ್ತಿತ್ತು, ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

"ಬ್ಲೌಸ್ ಪೀಸಿನ ಚೂರು ಇದ್ದರೆ ಕೊಡ್ತೀರಾಮ್ಮ? ಕೆಂಪು ಬೇಕು. ದೂರಕ್ಕೆ ಕಾಣಬೇಕು."

ಒಂದು ಹಿಡಿ ಕೊಟ್ಟೆ. ಏನಕ್ಕೆಂದು ಕೇಳಲಿಲ್ಲ. ಎರಡು ದಿನ ಬಿಟ್ಟು ತಮ್ಮ ಅವರ ತೋಟಕ್ಕೆ ಔಷಧಿ ಹೊಡೆಯಲು ಹೋಗಿದ್ದವನು ನಗುತ್ತಾ ಬಂದ. ಪ್ರತಿ ಸಾಲಿನಲ್ಲೂ ಒಂದೊಂದು ಗಿಡಕ್ಕೆ ಕೆಂಪು ಬಟ್ಟೆ ಕಟ್ಟಿದ್ದಾರಂತೆ, ಅದಕ್ಕೆ ಮಾತ್ರ ಔಷಧಿ ಹೊಡೆಯಬಾರದಂತೆ. "ಯಾಕೆ ಮೇಡಮ್ಮೋರೆ, ಅವೇನ್ ಪಾಪ ಮಾಡಿದ್ವು?" ಅಂತ ಕೇಳಿದನಂತೆ. ಅದಕ್ಕೆ ಅವರು, "ಎಲ್ಲಾ ಗಿಡಕ್ಕೂ ಹೊಡೆದೆ, ರೋಗ ಬರಲಿಲ್ಲ ಅಂತಿಟ್ಕೊ. ಔಷಧಿಯಿಂದ ಬರಲಿಲ್ಲವೋ, ಈ ವರ್ಷ ಬರೋದೇ ಇರಲಿಲ್ಲವೋ? ಒಂದು ಗಿಡ ಬಿಟ್ಟು ನೋಡಿದರೆ ತಾನೇ ಗೊತ್ತಾಗೋದು?" ಅಂದರಂತೆ. ತಮ್ಮನಿಗೆ ಆ ಮಾತು ಬಹಳ ಹಿಡಿಸಿಬಿಟ್ಟಿತು. ಊಟಕ್ಕೆ ಕೂತಾಗಲೂ ಅದನ್ನೇ ಹೇಳಿದ. ಅವನಿಗೆ ಅದು ಅಷ್ಟು ಹಿಡಿಸದೆ ಇದ್ದಿದ್ದರೆ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಆ ವರ್ಷ ಕಾಫಿ ಹಣ್ಣು ಕೊಯ್ಯಲು ಬಂದ ಹೆಂಗಸರು ಕೆಂಪು ಬಟ್ಟೆಯ ಗಿಡಗಳನ್ನು ಮುಟ್ಟಲಿಲ್ಲ. ದೇವರಿಗೆ ಬಿಟ್ಟದ್ದು, ಹರಕೆ ಗಿಡ ಎಂದು ಒಬ್ಬಳು ಹೇಳಿದಳು. ಅಲ್ಲ, ಯಾರೋ ಮಾಟ ಮಾಡಿಸಿದ್ದಾರೆ ಎಂದು ಇನ್ನೊಬ್ಬಳು. ಇವರು ಸೊಂಟದ ಮೇಲೆ ಕೈಯಿಟ್ಟು ತೋಟದ ನಡುವೆ ನಿಂತು, "ಹರಕೆಯೂ ಇಲ್ಲ ಗಿರಕೆಯೂ ಇಲ್ಲ, ಕೊಯ್ರಮ್ಮ" ಎಂದರೆ, ಅವರಲ್ಲಿ ಹಿರಿಯಳು, "ನೀವ್ ಹೇಳ್ತೀರ ಕಣ್ರಮ್ಮ, ರಾತ್ರಿ ಕನಸಲ್ಲಿ ಬರೋದು ನಮ್ಗಲ್ವಾ" ಅಂದಳು. ಕೊನೆಗೆ ಅವರೇ ಬುಟ್ಟಿ ಕಟ್ಟಿಕೊಂಡು ಕೊಯ್ದರು.

ಅವರದೊಂದು ಅಭ್ಯಾಸವಿತ್ತು. ಯಾವುದನ್ನೂ ಮೂಗಿನ ಹತ್ತಿರ ಹಿಡಿದು ಮೂಸುತ್ತಿರಲಿಲ್ಲ. ಒಂದು ಅಡಿ ದೂರ ಹಿಡಿದು, ಇನ್ನೊಂದು ಕೈಯಿಂದ ಗಾಳಿಯನ್ನು ತಮ್ಮ ಕಡೆಗೆ ಮೆಲ್ಲಗೆ ಬೀಸಿಕೊಳ್ಳುತ್ತಿದ್ದರು. ಲ್ಯಾಬಿನಲ್ಲಿ ಹಾಗೆ ಕಲಿತದ್ದಂತೆ, ಯಾವ ಬಾಟಲಿಯಲ್ಲಿ ಏನು ವಿಷವಿದೆಯೋ ಎಂದು. ನಾನು ಹುರುಳಿ ಸಾರು ಮಾಡಿ ಕೊಟ್ಟರೂ ಹಾಗೆಯೇ, ಮಲ್ಲಿಗೆ ಹೂವಾದರೂ ಹಾಗೆಯೇ. "ನಮ್ ಸಾರಿಗೆ ಬೀಸಣಿಗೆ ಸೇವೆ ನಡೀತಾ ಐತೆ ನೋಡಕ್ಕ" ಎಂದು ತಮ್ಮ ಅವರ ಎದುರಿಗೇ ಆಡಿಕೊಳ್ಳುತ್ತಿದ್ದ. ಅವರು ನಗುತ್ತಿದ್ದರೇ ಹೊರತು ಬೀಸುವುದನ್ನು ಬಿಡುತ್ತಿರಲಿಲ್ಲ.

ಭಯದ ಮನುಷ್ಯರು ಅವರು. ಜಿಗಣೆ, ಗುಡುಗು, ನಾಯಿ, ಎಲ್ಲಕ್ಕಿಂತ ಹೆಚ್ಚಾಗಿ ಆನೆ. ನಮ್ಮ ಕಡೆ ಆನೆಗೆ ಹೆದರದವರು ಯಾರೂ ಇಲ್ಲ, ಆದರೆ ನಾವು ಹೆದರಿಕೊಂಡೇ ಕೆಲಸಕ್ಕೆ ಹೋಗುತ್ತೇವೆ. ಅವರು ಮೊಬೈಲಿನಲ್ಲಿ ಆನೆ ಎಲ್ಲಿದೆಯೆಂದು ತಿಳಿಸುವ ಗ್ರೂಪಿನ ಸಂದೇಶ ಬಂದರೆ ಸಾಕು, ಬಾಗಿಲು ಹಾಕಿಕೊಂಡು ಕಿಟಕಿಯಲ್ಲಿ ನೋಡುತ್ತಾ ಕೂರುವರು. ಹೆದರಿದಾಗ ಅವರ ಮಾತೂ ಬದಲಾಗುತ್ತಿತ್ತು. ಓದಿದವರ ಭಾಷೆ ಬಿಟ್ಟುಹೋಗಿ ಹುಟ್ಟಿದೂರಿನ ಮಾತು ಬರುತ್ತಿತ್ತು. "ಆನೆ ಇದೆ" ಎನ್ನುತ್ತಿದ್ದವರು ಅದು ಹತ್ತಿರ ಬಂದರೆ "ಅಯ್ಯೋ, ಇಲ್ಲೇ ಐತೆ ಕಣ್ರೋ" ಎಂದುಬಿಡುತ್ತಿದ್ದರು. ನನಗೆ ಅವರು ಹತ್ತಿರದವರು ಎನ್ನಿಸಲು ಶುರುವಾದದ್ದು ಆ ಮಾತಿನಿಂದ.

ಆದರೆ ಅವರ ಬಗ್ಗೆ ನನಗೆ ಮೊದಲು ಹುಟ್ಟಿದ್ದು ಸ್ನೇಹವಲ್ಲ, ಭಯ. ಅದು ಹೀಗೆ.

ನನ್ನ ತಮ್ಮನಿಗೆ ಎಚ್‌ಐವಿ ಇದೆ. ಹೇಗೆ ಬಂತೆಂದು ನಾನು ಕೇಳಿಲ್ಲ, ಅವನು ಹೇಳಿಲ್ಲ. ಮಾತ್ರೆ ಹತ್ತಿರದಲ್ಲೂ ಸಿಗುತ್ತದೆ ಎನ್ನುತ್ತಾರೆ. ಗುರುತಿನವರು ಕಂಡಾರೆಂದು ನಾವು ಹಾಸನಕ್ಕೇ ಹೋಗಿ ತರುತ್ತೇವೆ. ಬಿಳಿ ಪ್ಲಾಸ್ಟಿಕ್ ಡಬ್ಬಿ. ಮನೆಗೆ ತಂದ ಕೂಡಲೇ ಸೀಮೆಎಣ್ಣೆ ಸವರಿ ಅದರ ಮೇಲಿನ ಚೀಟಿಯನ್ನು ಉಜ್ಜಿ ತೆಗೆಯುವುದು ನನ್ನ ಕೆಲಸವಾಗಿತ್ತು. ಆ ಡಬ್ಬಿಯೊಳಗೆ ಒಂದು ಪುಟ್ಟ ಪೊಟ್ಟಣ ಇರುತ್ತದೆ, ತೇವ ಹೀರುವುದಕ್ಕೆ. ನಮ್ಮ ಮಳೆಗೆ ಬ್ಲೌಸಿನ ಹುಕ್ಕುಗಳು ಒಂದೇ ವಾರದಲ್ಲಿ ತುಕ್ಕು ಹಿಡಿಯುತ್ತವೆ. ಅದಕ್ಕೆ ನಾನು ಆ ಪೊಟ್ಟಣವನ್ನು ತೆಗೆದು ಹುಕ್ಕಿನ ಡಬ್ಬದಲ್ಲಿ ಹಾಕಿಕೊಳ್ಳುತ್ತಿದ್ದೆ. ಒಳ್ಳೆ ಉಪಾಯ ಕಂಡುಕೊಂಡೆನೆಂದು ಹೆಮ್ಮೆ ಬೇರೆ.

ಎರಡನೇ ವರ್ಷ ಅವರು ಮತ್ತೆ ಬಟ್ಟೆ ಚೂರಿಗೆ ಬಂದಾಗ ಹುಕ್ಕಿನ ಡಬ್ಬ ಮಿಷನ್ನಿನ ಮೇಲೆ ತೆರೆದಿತ್ತು. ಅವರು ಮಾತಾಡುತ್ತಲೇ ಪೊಟ್ಟಣವನ್ನು ಬೆರಳಲ್ಲಿ ಎತ್ತಿಕೊಂಡು ತಿರುಗಿಸಿ ನೋಡಿದರು. ಪಕ್ಕದಲ್ಲಿ ಖಾಲಿಯಾದ ಬಿಳಿ ಡಬ್ಬಿಯಲ್ಲಿ ಗುಂಡಿಗಳಿದ್ದವು. ಅದನ್ನೂ ನೋಡಿದರು. ಆಮೇಲೆ ನನ್ನ ಮುಖ ನೋಡದೆ, ಬಹಳ ಮೆತ್ತಗೆ ಹೇಳಿದರು:

"ಇದನ್ನ ಮಾತ್ರೆ ಇರೋ ಡಬ್ಬಿಗೇ ವಾಪಸ್ ಹಾಕಮ್ಮ. ತೇವ ಆದ ಮಾತ್ರೆ ನಂಬೋ ಹಾಗಿಲ್ಲ. ಹುಕ್ಕಿಗೆ ನಾನು ಬೇರೆ ತಂದುಕೊಡ್ತೀನಿ."

ಬಟ್ಟೆ ತೆಗೆದುಕೊಂಡು ಹೋದರು. ಅವರಿಗೆ ಗೊತ್ತಾಗಿಬಿಟ್ಟಿತು. ಇಷ್ಟು ವರ್ಷ ಉಜ್ಜಿ ಉಜ್ಜಿ ತೆಗೆದದ್ದು ಒಂದು ಪೊಟ್ಟಣದಿಂದ ಗೊತ್ತಾಗಿಬಿಟ್ಟಿತು. ಇನ್ನು ಇವನನ್ನು ಯಾರು ತೋಟಕ್ಕೆ ಕರೆಯುತ್ತಾರೆ, ಯಾರು ಲೋಟದಲ್ಲಿ ಕಾಫಿ ಕೊಡುತ್ತಾರೆ, ಯಾರು ನನ್ನ ಕೈಯಲ್ಲಿ ಬ್ಲೌಸ್ ಹೊಲಿಸುತ್ತಾರೆ? ಅವತ್ತು ಒಂದು ಕೊರಳ ಪಟ್ಟಿಯನ್ನು ತಿರುವುಮುರುವು ಹೊಲಿದು ಮತ್ತೆ ಬಿಚ್ಚಿದೆ.

ಮಾರನೆಯ ದಿನ ಅವರೇ ಬಂದರು. ಹೇಳಿದ ಹಾಗೆ ಹುಕ್ಕಿಗೆ ಬೇರೆ ಪೊಟ್ಟಣಗಳನ್ನು ತಂದಿದ್ದರು. ಜಗಲಿಯಲ್ಲಿ ಬೇರೆ ಯಾರೂ ಇಲ್ಲವೆಂದು ನೋಡಿಕೊಂಡು ಕೂತರು. "ನಿನ್ನೆ ನಿಮ್ಮನ್ನ ಹೆದರಿಸಿಬಿಟ್ಟೆ. ಯಾರ ಮಾತ್ರೆ ಅಂತ ಹೇಳಬೇಕಾಗಿಲ್ಲ. ನಾನು ಕೆಲಸ ಮಾಡಿದಷ್ಟು ಕಾಲವೂ ಅದನ್ನೇ ಹುಡುಕ್ತಿದ್ದೆ, ಅದಕ್ಕೆ ಗುರುತು ಸಿಕ್ತು" ಅಂದರು.

"ಏನು ಹುಡುಕ್ತಿದ್ರಿ?"

"ಆ ವೈರಸ್ಸಿನ ಕೈ ಕಟ್ಟೋ ವಸ್ತು."

ಅವತ್ತು ಅವರು ನನ್ನ ಮಿಷನ್ನಿನ ಮುಂದೆಯೇ ಕೂತು ಹೇಳಿಕೊಟ್ಟದ್ದು ನನಗೆ ಇವತ್ತಿಗೂ ಮರೆತಿಲ್ಲ. ಆ ವೈರಸ್ಸಿಗೆ ಸ್ವಂತ ಮಿಷನ್ನಿಲ್ಲ, ದಾರವಿಲ್ಲ, ಬಟ್ಟೆಯಿಲ್ಲ. ಅಳತೆ ಬರೆದ ಒಂದು ಚೀಟಿ ಹಿಡಿದು ನಮ್ಮ ರಕ್ತದ ಕಣದೊಳಗೆ ನುಗ್ಗುತ್ತದೆ. ಮೊದಲು ಆ ಚೀಟಿಯನ್ನು ನೋಡಿಕೊಂಡು ನಮ್ಮ ಬಟ್ಟೆಯ ಜಾತಿಯದೇ ಒಂದು ತುಂಡು ತಯಾರಿಸುತ್ತದೆ. ಆಮೇಲೆ ಆ ತುಂಡನ್ನು ನಮ್ಮ ಬಟ್ಟೆಗೇ ಸೇರಿಸಿ ಹೊಲಿದುಬಿಡುತ್ತದೆ. ಎಲ್ಲಿ ಹೊಲಿಯಿತೆಂದು ಹುಡುಕಿ ಬಿಚ್ಚುವುದು ಆಗದ ಮಾತು. ಅಲ್ಲಿಂದ ಮುಂದೆ ನಮ್ಮ ಮಿಷನ್ನೇ ಅದರ ಬಟ್ಟೆಯನ್ನು ಉದ್ದುದ್ದಕ್ಕೆ ಹೊಲಿದುಕೊಡುತ್ತದೆ, ಅದರ ಒಂದು ಕತ್ತರಿ ಬಂದು ಅಳತೆಗೆ ಸರಿಯಾಗಿ ಕತ್ತರಿಸುತ್ತದೆ. ಹಾಗೆ ಒಂದು ಹೋಗಿ ಸಾವಿರ ಆಗುತ್ತದೆ.

ಅವರು ನನ್ನ ಕತ್ತರಿ ತೆಗೆದುಕೊಂಡು, ಎರಡು ಅಲಗು ಸೇರುವ ಸಂದಿಯಲ್ಲಿ ಒಂದು ಹುಣಸೆ ಬೀಜ ಸಿಕ್ಕಿಸಿದರು. "ಈಗ ಕತ್ತರಿಸಿ." ಕತ್ತರಿ ಮುಚ್ಚಲಿಲ್ಲ. "ಇಷ್ಟೇ ನಮ್ಮ ಕೆಲಸ. ಆ ಸಂದಿಗೆ ಸರಿಯಾಗಿ ಕೂರೋ ಬೀಜ ಹುಡುಕೋದು. ಸಣ್ಣದಿರಬೇಕು, ಇಲ್ಲದಿದ್ದರೆ ಕಣದೊಳಗೆ ಹೋಗಲ್ಲ. ಅದರ ಕತ್ತರಿಗೆ ಮಾತ್ರ ಕೂರಬೇಕು, ನಮ್ಮ ಕತ್ತರಿಗೆ ಕೂತರೆ ನಾವೇ ಸಾಯ್ತೀವಿ. ಹೊಟ್ಟೆಯಲ್ಲಿ ಕರಗಬೇಕು, ಲಿವರ್ ಹಾಳು ಮಾಡಬಾರದು, ಒಂದು ದಿನವಾದರೂ ಮೈಯಲ್ಲಿ ನಿಲ್ಲಬೇಕು. ನಿಮ್ಮ ಆ ಬಿಳಿ ಮಾತ್ರೆಯಲ್ಲಿ ಅಂಥವು ಮೂರಿದಾವೆ. ಅದರಲ್ಲಿ ಎರಡು, ತುಂಡು ತಯಾರಿಸೋದನ್ನ ತಡೀತಾವೆ, ಒಂದು ಹೊಲಿಯೋದನ್ನ ತಡೀತದೆ."

"ನೀವು ಹುಡುಕಿದ್ದು ಅದ್ರಲ್ಲಿ ಯಾವುದು?" ಎಂದು ಕೇಳಿದೆ.

"ಒಂದೂ ಇಲ್ಲ" ಎಂದು ನಕ್ಕರು. ಅವರು ಕತ್ತರಿಯ ಸಂದಿಗೆ ಬೀಜ ಹುಡುಕುವ ಗುಂಪಿನಲ್ಲಿದ್ದರಂತೆ. ಒಂದು ಸಿಕ್ಕಿತ್ತಂತೆ. ಗಾಜಿನ ಬಟ್ಟಲಲ್ಲಿ ವೈರಸ್ಸನ್ನು ಪೂರ್ತಿ ನಿಲ್ಲಿಸಿತ್ತಂತೆ. ಇಲಿಗಳಿಗೆ ಕೊಟ್ಟಾಗ ಅವುಗಳ ಲಿವರ್ ಕೆಟ್ಟುಹೋಯಿತು. ಅಲ್ಲಿಗೆ ಆ ಕೆಲಸ ಮುಚ್ಚಿದರು. "ಬಟ್ಟಲೇ ಬೇರೆ, ಮೈಯೇ ಬೇರೆ" ಎಂದರು. ಈ ಮಾತನ್ನು ಅವರ ಬಾಯಲ್ಲಿ ಆಮೇಲೆ ಎಷ್ಟು ಸಲ ಕೇಳಿದ್ದೇನೋ. ಹಲಸಿನಕಾಯಿ ಹುಳಿ ಚೆನ್ನಾಗಿ ಬಂದರೂ ಹೊಟ್ಟೆ ಉಬ್ಬರಿಸಿದರೆ ಅದನ್ನೇ ಹೇಳುವರು.

ಅಂದಿನಿಂದ ಅವರು ನಮ್ಮ ಮನೆಯವರಾದರು. ತಮ್ಮನ ಲೋಟದಲ್ಲಿ ಉಳಿದ ಕಾಫಿಯನ್ನು ತಮ್ಮ ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುವರು. ಅವನು ಮೊದಲ ದಿನ ಗಾಬರಿಯಾಗಿ ಎದ್ದು ನಿಂತಿದ್ದ. "ಕೂತ್ಕೊ ಮಾರಾಯ, ಇದರಿಂದ ಬರಲ್ಲ ಅಂತ ನಿನಗಿಂತ ನಂಗೆ ಚೆನ್ನಾಗಿ ಗೊತ್ತು" ಎಂದರು. ಜಿಗಣೆಗೆ ಹೆದರುವವರು ಇದಕ್ಕೆ ಹೆದರಲಿಲ್ಲ. ಹೇಗೆ ಬಂತೆಂದು ಅವರೂ ಒಂದು ದಿನ ಕೇಳಲಿಲ್ಲ.

ಒಂದು ಸಂಜೆ ತಮ್ಮ ಕೇಳಿದ. "ಅಲ್ಲ ಮೇಡಮ್ಮೋರೆ, ನಮ್ ಕಾಡಲ್ಲಿ ಇಷ್ಟೊಂದ್ ಗಿಡ ಮರ ಐತಲ್ಲ. ಒಂದ್ರಲ್ಲೂ ಇದಕ್ಕೆ ಔಷಧಿ ಇಲ್ವಾ?"

ಅವತ್ತು ಅವರು ಖುಷಿಯಲ್ಲಿದ್ದರು. ಕಾಫಿ ಲೋಟವನ್ನು ಬೆರಳ ತುದಿಯಲ್ಲಿ ಹಿಡಿದು ಆಡಿಸುತ್ತಾ, ಚಿಕ್ಕ ವಯಸ್ಸಿನಲ್ಲಿ ಬಿಸಿಲೆ ಕಡೆಯ ಕಾಡಿಗೆ ಎಲೆ, ತೊಗಟೆ ತರಲು ಬಂದದ್ದನ್ನು ಹೇಳಿದರು. ಚೀಲಗಟ್ಟಲೆ ತೆಗೆದುಕೊಂಡು ಹೋಗಿ, ಒಣಗಿಸಿ, ಸಾರ ತೆಗೆದು, ಒಂದೊಂದನ್ನೇ ಬಟ್ಟಲಲ್ಲಿ ವೈರಸ್ಸಿನ ಮೇಲೆ ಹಾಕಿ ನೋಡುತ್ತಿದ್ದರಂತೆ. ಬಹಳಷ್ಟರಲ್ಲಿ ಏನೂ ಇಲ್ಲ. ಒಂದು ಮರದ ತೊಗಟೆಯ ಸಾರ ಹಾಕಿದಾಗ ಮಾತ್ರ ವೈರಸ್ಸು ತುಂಡು ತಯಾರಿಸುವುದನ್ನು ನಿಲ್ಲಿಸಿತಂತೆ. "ಆ ದಿನ ನಾವ್ಯಾರೂ ಊಟಕ್ಕೆ ಹೋಗಲಿಲ್ಲ" ಎಂದರು. ಮುಖ ಬೆಳಗುತ್ತಿತ್ತು. ಮಾತಿನ ಭರದಲ್ಲಿ ಮರದ ಹೆಸರೂ ಬಂತು. ಆಮೇಲೆ, "ಬಟ್ಟಲಲ್ಲಿ ಅಷ್ಟೇ. ಆ ಮಟ್ಟಕ್ಕೆ ರಕ್ತಕ್ಕೆ ಸೇರಿಸಬೇಕು ಅಂದರೆ ಮನುಷ್ಯ ವಿಷಕ್ಕೇ ಸತ್ತುಹೋಗ್ತಾನೆ. ಬಟ್ಟಲೇ ಬೇರೆ, ಮೈಯೇ ಬೇರೆ" ಎಂದರು.

ಆ ಮರ ನಮಗೆ ಗೊತ್ತಿರುವ ಮರ. ನಮ್ಮ ಹಳ್ಳದ ಆಚೆ ಒಂದಿದೆ. ಅಜ್ಜಿ ಅದರ ತೊಗಟೆ ತೇಯ್ದು ಗಾಯಕ್ಕೆ ಹಚ್ಚುತ್ತಿದ್ದಳು. ಅವರ ಮಾತಿನಲ್ಲಿ ಮೊದಲಿನ ಅರ್ಧ ತಮ್ಮನ ಕಿವಿಗೆ ಬಿತ್ತು. ಕೊನೆಯ ಅರ್ಧ ನನ್ನ ಕಿವಿಗೂ ಅಷ್ಟಾಗಿ ಬಿದ್ದಿರಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ತಮ್ಮ ಇಳಿದುಹೋಗಲು ಶುರುವಾದ. ಪ್ಯಾಂಟಿನ ಸೊಂಟ ಹಿಡಿದು ಕೊಡು ಎಂದು ನನ್ನ ಹತ್ತಿರವೇ ತಂದ. ಜ್ವರ ಬಂದುಬಂದು ಬಿಡುತ್ತಿತ್ತು. ಔಷಧಿ ಹೊಡೆಯುವ ಕೆಲಸ ಜಾಸ್ತಿಯಾಯಿತು ಎಂದ, ನಂಬಿದೆ. ಮಾತ್ರೆ ಡಬ್ಬಿಯಲ್ಲಿ ಕಡಿಮೆಯಾಗುತ್ತಲೇ ಇತ್ತು. ದಿನಾ ಒಂದು ತೆಗೆದು ಹಿತ್ತಿಲಿಗೆ ಎಸೆಯುತ್ತಿದ್ದನೆಂದು ನನಗೆ ಹೇಗೆ ಗೊತ್ತಾಗಬೇಕು?

ಕಂಡುಹಿಡಿದದ್ದು ಅವರೇ. ಒಂದು ಮಧ್ಯಾಹ್ನ ಅಡಿಗೆಮನೆಗೆ ಬಂದವರು ಒಲೆಯ ಪಕ್ಕ ಮುಚ್ಚಿಟ್ಟಿದ್ದ ಪಾತ್ರೆಯ ತಟ್ಟೆ ತೆಗೆದರು. ನಾನು ಅದು ಅವನ ಕೆಮ್ಮಿನ ಕಷಾಯ ಎಂದೇ ತಿಳಿದಿದ್ದೆ. ಅವರು ಬಗ್ಗಿ ಪಾತ್ರೆಯೊಳಗೇ ಮೂಗು ಇಟ್ಟರು. ಕೈ ಬೀಸಲಿಲ್ಲ. ಅಷ್ಟು ವರ್ಷದಲ್ಲಿ ಅವರು ಹಾಗೆ ಮೂಸಿದ್ದನ್ನು ಕಂಡದ್ದು ಅದೊಂದೇ ಸಲ. ತಲೆ ಎತ್ತಿದಾಗ ಅವರ ತುಟಿ ಬಿಳಿಚಿಕೊಂಡಿತ್ತು.

"ಎಲ್ಲವ್ನೆ ಅವ್ನು? ಕರಿ ಅವ್ನ."

ತಮ್ಮ ಬಂದ. ಪಾತ್ರೆ ನೋಡಿದ, ಅವರ ಮುಖ ನೋಡಿದ. ತಪ್ಪು ಮಾಡಿದವನ ಹಾಗೆ ಇರಲಿಲ್ಲ. ಒಂದು ಒಳ್ಳೆ ಸುದ್ದಿ ಹೇಳಲು ಕಾಯುತ್ತಿದ್ದವನ ಹಾಗೆ ಇದ್ದ.

"ಹೇಳಾನ ಅಂತಿದ್ದೆ ಮೇಡಮ್ಮೋರೆ. ಮಾತ್ರೆ ಬುಟ್ಬುಟ್ಟಿದೀನಿ. ನಿಮ್ ಮರದ್ದೇ ಕುಡೀತಾ ಇದೀನಿ. ಇಷ್ಟ್ ವರ್ಷ ನುಂಗಿದ್ನಲ್ಲ, ನಂಗೇನೂ ಆಗಿಲ್ಲ. ಮಾತ್ರೆಯಿಂದ ಆಗಿಲ್ವೋ, ಆಗೋದೇ ಇರ್ಲಿಲ್ವೋ, ಎಂಗ್ ಗೊತ್ತಾಗ್ಬೇಕು? ಒಂದ್ ಗಿಡ ಬುಟ್ಟು ನೋಡು ಅಂದೋರು ನೀವಲ್ವಾ? ನಾನೇ ಆ ಕೆಂಪು ಬಟ್ಟೆ ಗಿಡ ಅನ್ಕಳಿ."

ಅವರು ಒಲೆಯ ಮುಂದೆ ನೆಲದ ಮೇಲೆ ಕುಸಿದು ಕೂತರು. "ಗಿಡ ಸತ್ರೆ ಇನ್ನೊಂದ್ ನೆಡ್ಬೋದು ಕಣೋ" ಎಂದರು. "ನಿನ್ನ ಎಲ್ಲಿಂದ ತರ್ಲೋ ನಾನು?"

ತಮ್ಮನ ಮುಖ ಆಗ ಬಾಡಿತು.

ಅವರು ಹೆದರಿದ್ದು ಜ್ವರಕ್ಕಲ್ಲ. ನನಗೆ ಬೇರೆ ಕರೆದು ಹೇಳಿದರು. ಆ ವೈರಸ್ ಕೆಟ್ಟ ದರ್ಜಿ, ಪ್ರತಿಯೊಂದು ತುಂಡಿನಲ್ಲೂ ಏನಾದರೂ ತಪ್ಪು ಮಾಡುತ್ತದೆ. ಮಾತ್ರೆ ಸರಿಯಾಗಿ ನುಂಗುತ್ತಿದ್ದರೆ ತಪ್ಪು ಮಾಡಲೂ ಅದಕ್ಕೆ ಬಿಡುವಿಲ್ಲ. ಮಾತ್ರೆ ಬಿಟ್ಟಾಗ, ಇಲ್ಲ ಒಂದು ದಿನ ನುಂಗಿ ಒಂದು ದಿನ ಬಿಟ್ಟಾಗ, ಆ ತಪ್ಪುಗಳಲ್ಲಿ ಯಾವುದೋ ಒಂದು ಮಾತ್ರೆಗೆ ಬಗ್ಗದ ತಪ್ಪಾಗಿಬಿಡಬಹುದು. ಆಮೇಲೆ ಅದೇ ಬೆಳೆಯುತ್ತದೆ. ಆಮೇಲೆ ಈ ಬಿಳಿ ಮಾತ್ರೆ ಮಣ್ಣು. "ಬೇರೆ ಮಾತ್ರೆ ಇದಾವೆ. ಆದರೆ ಎಷ್ಟು ಅಂತ ಇರ್ತಾವೆ? ಒಂದೊಂದು ಹುಡುಕೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು" ಎಂದರು. ಅದು ಆಗಿದೆಯೋ ಇಲ್ಲವೋ ನೋಡಿದರೆ ಕಾಣುವುದಿಲ್ಲ. ರಕ್ತ ನೋಡಿಸಬೇಕು, ಕಾಯಬೇಕು.

ಮಾರನೆಯ ದಿನವೇ ಹಾಸನಕ್ಕೆ ಹೊರಟೆವು. ಮೊದಲ ಬಸ್ಸಿಗೆ. ನಾವು ಬೇಡವೆಂದರೂ ಅವರು ಗಂಬೂಟು ಹಾಕಿಕೊಂಡು ಬಂದರು. ಅರ್ಧ ದಾರಿಯಲ್ಲಿ ಮೊಬೈಲು ಕುಂಯ್ ಎಂದಿತು. ಒಂಟಿ ಸಲಗ ಬಸ್ ನಿಲ್ಲುವ ಜಾಗದ ಹತ್ತಿರವೇ ಇದೆ, ಯಾರೂ ಬರಬೇಡಿ ಎಂದು ಗ್ರೂಪಿನಲ್ಲಿ. ಪಕ್ಕದ ಎಸ್ಟೇಟಿನ ಸ್ಟೋರಿನ ಗೋಡೆಗೆ ಆತುಕೊಂಡು ನಿಂತೆವು. ಮಂಜಿನಲ್ಲಿ ಏನೂ ಕಾಣುತ್ತಿರಲಿಲ್ಲ. ಎಲ್ಲೋ ಹತ್ತಿರದಲ್ಲೇ ಆನೆ ಬೈನೆ ಮರ ಸೀಳುವ ಸದ್ದು ಮಾತ್ರ ಕೇಳುತ್ತಿತ್ತು. ಅವರು ನನ್ನ ತೋಳು ಹಿಡಿದಿದ್ದರು. ಅವರ ಉಗುರು ಒತ್ತಿ ಅಲ್ಲಿ ಗುರುತು ಬಿದ್ದಿತ್ತು.

"ಮೇಡಮ್ಮೋರೆ, ನೀವ್ ಮನೆಗೋಗ್ಬುಡಿ" ಎಂದ ತಮ್ಮ ಪಿಸುಮಾತಿನಲ್ಲಿ.

"ಹೋಗಲ್ಲ. ನಾನ್ ಹೋದ್ರೆ ನೀನು ಸಕಲೇಶಪುರದಲ್ಲೇ ಇಳ್ದು ಸಿನಿಮಾ ನೋಡ್ಕಂಡು ಬಂದ್ಬುಡ್ತೀಯ."

"ಆನೆ ಐತೆ ಕಣ್ರೀ."

"ಐತೆ ಅಂತ ನಂಗೂ ಗೊತ್ತೈತೆ. ಸುಮ್ನಿರೋ, ಹೆದರ್ಕಂಡು ನಿಂತಿಲ್ವಾ ನಾನು?"

ಸದ್ದು ನಿಂತು, ಮಂಜು ತಿಳಿಯಾಗಿ, ಬಸ್ಸು ಬರುವವರೆಗೆ ಹಾಗೆಯೇ ನಿಂತಿದ್ದೆವು. ಹಾಸನದಲ್ಲಿ ಡಾಕ್ಟರು ಬೈಯಲಿಲ್ಲ. ಅದೇ ಮಾತ್ರೆ ಮತ್ತೆ ಶುರು ಮಾಡಿ, ಕೆಲವು ತಿಂಗಳಾದ ಮೇಲೆ ರಕ್ತ ನೋಡೋಣ, ವೈರಸ್ ಇಳಿದರೆ ಸರಿ, ಇಳಿಯದಿದ್ದರೆ ಆಗ ಯೋಚಿಸೋಣ ಎಂದರು.

ಆ ತಿಂಗಳುಗಳು ನಮ್ಮ ಮೂವರಿಗೂ ಹೇಗೆ ಕಳೆದವೆಂದು ಬರೆಯುವುದು ಕಷ್ಟ. ಸಂಜೆಯಾಗುತ್ತಲೇ ಅವರ ಫೋನು ಬರುವುದು. "ನುಂಗಿದ್ನಾ?" ನಾನು ಹೌದೆಂದರೂ ಸಮಾಧಾನವಿಲ್ಲ, ಏಕೆಂದರೆ ಮೊದಲೂ ನಾನು ಹೌದೆಂದೇ ತಿಳಿದಿದ್ದೆ. ಮಳೆ ಹಿಡಿದ ಮೇಲೆ ನೆಟ್‌ವರ್ಕೂ ಹೋಯಿತು. ಒಂದು ಸಂಜೆ ಅವರು ಗುಡುಗಿನಲ್ಲಿ ಹಳ್ಳ ದಾಟಿಕೊಂಡು ಬಂದು, ನೆಂದು ಮುದ್ದೆಯಾಗಿ, ಬಾಗಿಲಲ್ಲಿ ನಿಂತು ಅದೇ ಪ್ರಶ್ನೆ ಕೇಳಿದರು. ತಮ್ಮನಿಗೆ ತಡೆಯಲಾಗಲಿಲ್ಲ.

"ಇಂಗೆ ಬರ್ಬೇಡಿ ಮೇಡಮ್ಮೋರೆ, ದಮ್ಮಯ್ಯ. ನಾನು ದಿನಾ ಎಂಟ್ ಗಂಟೆಗೆ ಅಂಗಳಕ್ಕೆ ಬಂದು ನುಂಗ್ತೀನಿ. ನುಂಗಿದ್ ತಕ್ಷಣ ನಿಮ್ ಮನೆ ಕಡೆ ಟಾರ್ಚ್ ಬೀಸ್ತೀನಿ. ಬೀಸಿದ್ರೆ ನುಂಗಿದೀನಿ ಅಂತ."

"ಸುಳ್ಳು ಬೀಸಿದ್ರೆ?"

"ನಿಮ್ಮಾಣೆ."

ಅಂದಿನಿಂದ ಅದು ಪದ್ಧತಿಯಾಯಿತು. ಇವನು ಅಂಗಳದಲ್ಲಿ ನಿಂತು ಮಾತ್ರೆ ನುಂಗಿ, ನೀರು ಕುಡಿದು, ಟಾರ್ಚು ಬೀಸುವನು. ನಡುವೆ ಹಳ್ಳ, ಕಾಫಿ ತೋಟ, ಕತ್ತಲೆ. ಆಚೆ ಗುಡ್ಡದಲ್ಲಿ ಅವರ ವರಾಂಡದ ದೀಪ ಹತ್ತಿ ಆರುವುದು, ಮತ್ತೆ ಹತ್ತಿ ಆರುವುದು. ಅದು ಅವರ ಉತ್ತರ. ಕರೆಂಟು ಇಲ್ಲದ ದಿನ ಅವರೂ ಟಾರ್ಚು ಬಿಡುವರು. ಕೆಲವು ದಿನ ಖುಷಿಯಾಗಿದ್ದರೆ ನಾಲ್ಕೈದು ಸಲ ಹತ್ತಿಸಿ ಆರಿಸುವರು. ಮರುದಿನ ತಮ್ಮ, "ಸಾಕ್ ಬುಡಿ ಮೇಡಮ್ಮೋರೆ, ಬಲ್ಬ್ ಸುಟ್ಟೋಯ್ತದೆ" ಎನ್ನುವನು.

ರಕ್ತದ ವರದಿ ಬಂದ ದಿನ ಅವರೇ ಓದಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ಓದಿದರು. "ಇಳಿದಿದೆ" ಎಂದರು. "ಯಂತ್ರಕ್ಕೆ ಸಿಗದಷ್ಟು ಇಳಿದಿದೆ." ಆಮೇಲೆ ಹಾಸನದ ಬಸ್ ನಿಲ್ದಾಣದ ಬೆಂಚಿನ ಮೇಲೆ, ಅಷ್ಟು ಜನರ ನಡುವೆ, ಮುಖಕ್ಕೆ ಸೆರಗು ಮುಚ್ಚಿಕೊಂಡು ಅತ್ತರು. ತಮ್ಮ ನೀರಿನ ಬಾಟಲಿ ಹಿಡಿದು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ. ಊರಿಗೆ ಬರುವಾಗ ಬಸ್ಸಿನಲ್ಲಿ ನನಗೆ ಮಾತ್ರ ಕೇಳುವಂತೆ ಹೇಳಿದರು: "ಹೋಗಿಲ್ಲ, ಗೊತ್ತಾಯ್ತಾ? ಹೊಲಿದುಕೊಂಡು ಒಳಗೇ ಮಲಗಿದೆ. ಮಾತ್ರೆ ನಿಂತ ದಿನ ಏಳುತ್ತೆ. ನುಂಗು ಅಂತ ಅವನಿಗೆ ಬಾಯಿ ಬಿಟ್ಟು ಹೇಳ್ತಾ ಇರಬೇಡಿ, ಹಠ ಬರುತ್ತೆ. ಕಾಯಿರಿ. ನುಂಗೋಕೆ ಅವನೇ ಏಳಲಿ."

ಮುಂದಿನ ವರ್ಷ ಔಷಧಿ ಹೊಡೆಯುವ ಕಾಲಕ್ಕೆ ಬಟ್ಟೆ ಚೂರಿಗೆ ಅವರು ಬರಲಿಲ್ಲ. ನಾನೇ ಎತ್ತಿಟ್ಟುಕೊಂಡು ಅವರ ತೋಟಕ್ಕೆ ಹೋದೆ. ಹಳೆಯ ಕೆಂಪು ಬಟ್ಟೆಗಳನ್ನೆಲ್ಲ ಗಿಡದಿಂದ ಬಿಚ್ಚುತ್ತಿದ್ದರು. "ಈ ಸಲ ಎಲ್ಲಾದಕ್ಕೂ ಹೊಡಿ" ಎಂದು ತಮ್ಮನಿಗೆ ಹೇಳಿದರು.

"ಅಂಗಾರೆ ಔಷಧಿಯಿಂದ ಉಳೀತೋ ಅಲ್ವೋ ಅಂತ ಎಂಗ್ ಗೊತ್ತಾಯ್ತದೆ ಮೇಡಮ್ಮೋರೆ?"

"ಗೊತ್ತಾಗೋದೇ ಬೇಡ."

ಇಡೀ ಬದುಕನ್ನು ಗೊತ್ತುಮಾಡಿಕೊಳ್ಳುವುದರಲ್ಲೇ ಕಳೆದವರು ಹಾಗೆಂದರು. ತಮ್ಮ ಪಂಪು ಹೊತ್ತುಕೊಂಡ.

ಅವರು ಹೋದ ದಿನ ಮಳೆ ಇರಲಿಲ್ಲ. ಹಳ್ಳದಲ್ಲಿ ಆನೆ ಇಳಿದಿದೆ ಎಂದು ಸಂಜೆಯೇ ಗ್ರೂಪಿನಲ್ಲಿ ಬಂದಿತ್ತು. ಎಂಟಕ್ಕೆ ತಮ್ಮ ನುಂಗಿ ಟಾರ್ಚು ಬೀಸಿದ. ಆಚೆಯಿಂದ ಉತ್ತರವಿಲ್ಲ. ಕರೆಂಟಿತ್ತು. ಮತ್ತೆ ಬೀಸಿದ. ಫೋನು ಮಾಡಿದೆ, ಹೊಡೆದುಕೊಂಡೇ ನಿಂತಿತು. ನಿದ್ದೆ ಬಂದಿರಬಹುದು ಎಂದೆ. "ನಾನ್ ನುಂಗದೆ ಅವ್ರಿಗೆ ನಿದ್ದೆ ಬರಲ್ಲ ಕಣಕ್ಕ" ಎಂದವನೇ ಟಾರ್ಚು ಹಿಡಿದು ಇಳಿದ. ಆನೆ ಐತೆ ಕಣೋ ಎಂದು ಕೂಗಿದೆ. ತಿರುಗಿ ನೋಡಲಿಲ್ಲ.

ಅಂಗಳದಲ್ಲಿ ಒಬ್ಬಳೇ ನಿಂತು ಆ ಟಾರ್ಚನ್ನೇ ನೋಡುತ್ತಿದ್ದೆ. ಕಾಫಿ ಗಿಡಗಳ ನಡುವೆ ಇಳಿಯಿತು, ಹಳ್ಳದ ಹತ್ತಿರ ಕಾಣದಾಯಿತು. ಆಚೆ ದಡದಲ್ಲಿ ಮತ್ತೆ ಕಂಡಿತು, ಏರಿತು, ಅವರ ಅಂಗಳ ಮುಟ್ಟಿತು. ಸ್ವಲ್ಪ ಹೊತ್ತಿಗೆ ವರಾಂಡದ ದೀಪ ಹತ್ತಿತು. ಆರಲಿ, ಮತ್ತೆ ಹತ್ತಲಿ ಎಂದು ಕಾದೆ. ದೀಪ ಹತ್ತಿಯೇ ಇತ್ತು. ಆರಲಿಲ್ಲ. ನನಗೆ ಗೊತ್ತಾಯಿತು.

ಬೆತ್ತದ ಕುರ್ಚಿಯಲ್ಲಿ, ನಮ್ಮ ಮನೆಯ ಕಡೆಗೆ ಮುಖ ಮಾಡಿ, ಕನ್ನಡಕ ಹಾಕಿಕೊಂಡೇ ಕೂತಿದ್ದರಂತೆ. ಹೃದಯ ನಿಂತಿತ್ತು. ಮಾರನೆಯ ದಿನ ಅವರ ಅಣ್ಣನ ಮಗ ಬಂದ. ತೋಟದ ಅಂಚಿನಲ್ಲೇ ಸುಟ್ಟರು. ತಮ್ಮ ಸೌದೆ ಹೊತ್ತ. ಹಣ್ಣು ಕೊಯ್ಯುವ ಹಿರಿಯಳು ಮೂಗು ಒರೆಸಿಕೊಳ್ಳುತ್ತಾ, "ಒಳ್ಳೆ ಅಮ್ಮ. ಒಂದೀಟು ತಿಕ್ಲು" ಎಂದಳು.

ಆ ಸಂಜೆ ತಮ್ಮ ಸ್ನಾನ ಮಾಡಿ ಬಂದು ಗೋಡೆಗೆ ಒರಗಿ ಕೂತ. ಊಟ ಬೇಡವೆಂದ. ಗಡಿಯಾರ ಎಂಟಾಯಿತು. ಮಾತ್ರೆ ಡಬ್ಬಿ ಗೂಡಿನಲ್ಲಿತ್ತು. ಅವನು ಏಳಲಿಲ್ಲ. ಇವನು ಇಷ್ಟು ದಿನ ನುಂಗಿದ್ದು ತನಗಾಗಿಯೋ, ಅವರಿಗಾಗಿಯೋ? ಹೇಳಬೇಡಿ, ಕಾಯಿರಿ ಎಂದಿದ್ದರು. ಸುಮ್ಮನೆ ಒಂದು ಹಳೆಯ ಬ್ಲೌಸಿನ ಹೊಲಿಗೆ ಬಿಚ್ಚುತ್ತಾ ಕೂತೆ.

ಬಹಳ ಹೊತ್ತಿನ ಮೇಲೆ ಎದ್ದ. ಗೂಡಿಗೆ ಕೈ ಹಾಕಿದ. ನೀರಿನ ಚೊಂಬು, ಟಾರ್ಚು ತೆಗೆದುಕೊಂಡು ಅಂಗಳಕ್ಕೆ ಹೋದ. ನಾನು ಬಾಗಿಲ ಹಿಂದೆ ನಿಂತೆ. ಬೆನ್ನು ಮಾತ್ರ ಕಾಣುತ್ತಿತ್ತು. ಅವನು ಆ ಗುಡ್ಡದ ಕಡೆಗೆ ಟಾರ್ಚು ಬೀಸಿದ. ಅಲ್ಲಿ ಪೂರ್ತಿ ಕತ್ತಲೆ. ಮತ್ತೆ ಬೀಸಿದ. ಕೈ ಇಳಿಸಲಿಲ್ಲ, ಬೀಸುತ್ತಲೇ ಇದ್ದ.

ನನ್ನ ಕೈ ತಾನಾಗಿಯೇ ಗೋಡೆಯ ಸ್ವಿಚ್ಚಿಗೆ ಹೋಯಿತು. ನಮ್ಮ ಜಗಲಿಯ ದೀಪವನ್ನು ಆರಿಸಿದೆ, ಹತ್ತಿಸಿದೆ. ಮತ್ತೆ ಆರಿಸಿದೆ, ಹತ್ತಿಸಿದೆ.

ಟಾರ್ಚು ನಿಂತಿತು. ತಿರುಗಿ ನೋಡಿದ. ಮುಂಗೈಯಿಂದ ಬಾಯಿ ಒರೆಸಿಕೊಂಡು, ಖಾಲಿ ಚೊಂಬು ಹಿಡಿದು ಮೆಟ್ಟಿಲು ಹತ್ತಿದ.

"ಸಾಕ್ ಬುಡಕ್ಕ" ಎಂದ. "ಬಲ್ಬ್ ಸುಟ್ಟೋಯ್ತದೆ."